ಇಟ್ಟಿಗೆಕಲ್ಲು, ಬಳಪದ ಕಲ್ಲು, ಬೆಣಚುಕಲ್ಲು: ಕನ್ನಡ ನೆಲದ ಶಿಲಾಪದಗಳು

‘ಲ್ಯಾಟರೈಟ್’ ಎಂಬ ಪದ ಇಂದು ಜಗತ್ತಿನ ಭೂವಿಜ್ಞಾನ ಗ್ರಂಥಗಳಲ್ಲೆಲ್ಲ ಇದೆ. ಆಫ್ರಿಕ, ಬ್ರೆಜಿಲ್, ಆಸ್ಟ್ರೇಲಿಯಗಳ ಕೆಂಪು ನೆಲವನ್ನು ವಿವರಿಸುವ ವಿದ್ವಾಂಸರು ಈ ಪದವನ್ನೇ ಬಳಸುತ್ತಾರೆ. ಕನ್ನಡದ ಶಾಲಾ ಪಠ್ಯಗಳಲ್ಲಿಯೂ ‘ಲ್ಯಾಟರೈಟ್ ಮಣ್ಣು’ ಎಂದೇ ಅಚ್ಚಾಗುತ್ತದೆ. ಆ ಪದ ದಕ್ಷಿಣ ಭಾರತದ ಕಲ್ಲುಕೆಲಸದವರ ಆಡುಮಾತೊಂದರ ಲ್ಯಾಟಿನ್ ಅನುವಾದವೆಂಬ ಸಂಗತಿ ಮಾತ್ರ ಆ ಪಠ್ಯಗಳಲ್ಲಿ ಕಾಣಸಿಗುವುದಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊಸದಾಗಿ ಕೈಸೇರಿದ ಸೀಮೆಗಳ ಸ್ಥಿತಿಗತಿಯನ್ನು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ನಿಯೋಜಿಸಿದನು. ಸಸ್ಯಶಾಸ್ತ್ರದಲ್ಲಿ ಆಳವಾದ ಆಸಕ್ತಿಯಿದ್ದ ಬುಕನನ್ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದನು. ಅವನ ಪ್ರವಾಸಕಥನ ಮೂರು ಸಂಪುಟಗಳಲ್ಲಿ 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 1800ರ ಡಿಸೆಂಬರಿನಲ್ಲಿ ಮಲಬಾರಿನ ಅಂಗಡಿಪುರಂ ಎಂಬಲ್ಲಿ ಅವನೊಂದು ವಿಚಿತ್ರವಾದ ಕಲ್ಲನ್ನು ಕಂಡನು. ನೆಲದೊಳಗಿರುವಾಗ ಅದು ಕಬ್ಬಿಣದ ಹತಾರದಿಂದ ಸಲೀಸಾಗಿ ಕತ್ತರಿಸುವಷ್ಟು ಮೃದು. ಕತ್ತರಿಸಿ ಗಾಳಿಗಿಟ್ಟರೆ ಇಟ್ಟಿಗೆಯಂತೆ ಗಟ್ಟಿ. ಮೈಯೆಲ್ಲ ತೂತು, ಬಣ್ಣ ಕೆಂಪು, ಹಳದಿ. ಈ ಕಲ್ಲನ್ನು ಇಟ್ಟಿಗೆಯ ಆಕಾರಕ್ಕೆ ಕಡಿದು ಮನೆ ಕಟ್ಟುವುದರಿಂದ ದೇಶಭಾಷೆಗಳಲ್ಲಿ ಇದಕ್ಕೆ ‘ಇಟ್ಟಿಗೆಕಲ್ಲು’ ಎಂಬರ್ಥದ ಹೆಸರಿದೆಯೆಂದು ಅವನು ಆ ಪದವನ್ನು ತನಗೆ ಕೇಳಿಸಿದಂತೆ ರೋಮನ್ ಲಿಪಿಯಲ್ಲಿ ಬರೆದುಕೊಂಡನು. ಅನಂತರ, ವಿಜ್ಞಾನಕ್ಕೆ ತಕ್ಕ ಹೆಸರು ಬೇಕೆಂದು, ಲ್ಯಾಟಿನ್ನಿನಲ್ಲಿ ಇಟ್ಟಿಗೆಗಿರುವ ‘ಲೇಟರ್’ ಎಂಬ ಪದದಿಂದ ‘ಲ್ಯಾಟರೈಟ್’ ಎಂದು ಸೂಚಿಸಿದನು.

ಬುಕನನ್ ಕೇಳಿದ ಮಾತು ಕನ್ನಡದ್ದೇ ಎಂದು ಹಕ್ಕು ಸಾಧಿಸಹೊರಡುವುದು ತರವಲ್ಲ. ‘ಕಲ್ಲು’ ಕನ್ನಡಕ್ಕೂ ಮಲಯಾಳಕ್ಕೂ ಸಮಾನ. ‘ಇಟ್ಟಿಗೆ’ಯ ರೂಪಗಳು ದಕ್ಷಿಣದ ಭಾಷೆಗಳಲ್ಲೆಲ್ಲ ಇವೆ. ಸಂಸ್ಕೃತದ ‘ಇಷ್ಟಕಾ’ ಪ್ರಾಕೃತದ ಮೂಲಕ ಹಾದು ಕನ್ನಡದಲ್ಲಿ ‘ಇಟ್ಟಿಗೆ’ಯಾಯಿತು. ವೈದಿಕ ಯಜ್ಞವೇದಿಯ ಇಷ್ಟಕೆಯಿಂದ ಮಲಬಾರಿನ ಕಲ್ಲುಗುಳಿಯವರೆಗೆ, ಅಲ್ಲಿಂದ ಲ್ಯಾಟಿನ್ ತೊಡುಗೆಯಲ್ಲಿ ಲಂಡನ್ನಿನ ಅಚ್ಚುಕೂಟದವರೆಗೆ ಒಂದು ಪದ ಸಾಗಿದ ದಾರಿ ಇದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಅಂಗಡಿಪುರಂನಲ್ಲಿ 1979ರಲ್ಲಿ ಸ್ಮಾರಕವೊಂದನ್ನು ನಿಲ್ಲಿಸಿತು. ಬುಕನನ್‌ಗೆ ಕಲ್ಲಿನ ಹೆಸರು ಹೇಳಿದ ಕೆಲಸಗಾರ ಯಾರೆಂಬುದು ಸಹಜವಾಗಿಯೇ ದಾಖಲಾಗಿಲ್ಲ.

ಕನ್ನಡದಲ್ಲಿ ಈ ಕಲ್ಲಿಗೆ ‘ಜಂಬಿಟ್ಟಿಗೆ’ ಎಂಬ ಹೆಸರಿದೆ. ಅದರ ಉತ್ತರಾರ್ಧದಲ್ಲಿಯೂ ಅದೇ ಇಟ್ಟಿಗೆ ಕುಳಿತಿರುವುದನ್ನು ಗಮನಿಸಬೇಕು. ಕರಾವಳಿಯಲ್ಲಿ ಮುರಕಲ್ಲು, ಕೆಂಪುಕಲ್ಲು ಎನ್ನುವರು. ಭೂವಿಜ್ಞಾನ ಹೇಳುವುದೂ ಈ ಹೆಸರುಗಳಿಗೆ ಒಪ್ಪುವ ಮಾತನ್ನೇ. ಧಾರಾಕಾರ ಮಳೆ, ಅದರ ಬೆನ್ನಿಗೇ ಬಿಸಿಲು. ಹೀಗೆ ಲಕ್ಷಾಂತರ ವರ್ಷ ನಡೆದಾಗ ಮೂಲಶಿಲೆಯಲ್ಲಿನ ಸಿಲಿಕ ಮತ್ತು ಕರಗಬಲ್ಲ ಲವಣಗಳು ತೊಳೆದುಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿಯುತ್ತವೆ. ಕೆಂಪು ಕಬ್ಬಿಣದ್ದು; ಕಲ್ಲು ಹೊರಗೆ ಬಂದು ಒಣಗಿದಾಗ ಆ ಕಬ್ಬಿಣದ ಅಂಶವೇ ಬಿಗಿದುಕೊಂಡು ಅದನ್ನು ಗಟ್ಟಿಮಾಡುತ್ತದೆ.

ಬುಕನನ್ ಮುಂದೆ ಮೂಡುಬಿದಿರೆ, ಕಾರ್ಕಳಗಳ ಮೂಲಕವೂ ಹಾದುಹೋದನು. ಆ ನಾಡಿನಲ್ಲಿ ಎರಡು ಕಲ್ಲುಗಳ ಹಂಚಿಕೆ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಮನೆಯ ಗೋಡೆ, ಆವರಣದ ಪಾಗಾರ, ಬಾವಿಕಟ್ಟೆ ಇವೆಲ್ಲ ಮುರಕಲ್ಲಿನವು. ಆದರೆ ತೂತುತೂತಾದ ಮುರಕಲ್ಲಿನಲ್ಲಿ ಬೆರಳು, ತುಟಿ, ಕಣ್ಣಿನ ರೆಪ್ಪೆ ಮೂಡಲಾರವು. ಆದ್ದರಿಂದ 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳಿಗೂ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಕಾರ್ಕಳದ ಬಾಹುಬಲಿಗೂ ಗ್ರಾನೈಟ್ ಜಾತಿಯ ಗಟ್ಟಿಶಿಲೆಯೇ ಬೇಕಾಯಿತು. ಮೂರ್ತಿಯನ್ನು ಬಂಡಿಯ ಮೇಲೆ ಬೆಟ್ಟಕ್ಕೆ ಏರಿಸಿದ ಸಾಹಸವನ್ನು ಚಂದ್ರಮ ಕವಿಯ ‘ಕಾರ್ಕಳ ಗೊಮ್ಮಟೇಶ್ವರ ಚರಿತೆ’ ವರ್ಣಿಸುತ್ತದೆ. ಹತ್ತಿರದಲ್ಲೇ ಅಗ್ಗವಾಗಿ ಸಿಗುವ ಕಲ್ಲೊಂದಿರುವಾಗ ಇಷ್ಟು ಕಷ್ಟಪಟ್ಟದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಕಲ್ಲಿನ ಗುಣದಲ್ಲಿಯೇ ಇದೆ.

ಕಲ್ಲಿಗೆ ಸಂಬಂಧಿಸಿದ ಕನ್ನಡದ ಪದಸಂಪತ್ತು ಬಹು ಹಳೆಯದು. ಕಲ್, ಅರೆ, ಪಾಸರೆ, ಪರಲ್ ಇವು ಹಳಗನ್ನಡದವು. ‘ಪಾಸು’ ಎಂದರೆ ಹಾಸು. ನೆಲಕ್ಕೆ ಹಾಸಿದಂತಿರುವ ವಿಶಾಲವಾದ ಬಂಡೆ ‘ಪಾಸರೆ’, ಇಂದಿನ ಹಾಸರೆ ಅಥವಾ ಹಾಸುಬಂಡೆ. ‘ಪರಲ್’ ಇಂದಿನ ಹರಳು. ಹೊಳೆಯ ಬೆಣಚಿಗೂ ಉಂಗುರದ ರತ್ನಕ್ಕೂ ಒಂದೇ ಪದ. ಬಂಡೆ, ಗುಂಡು, ಚಪ್ಪಡಿ, ಜಲ್ಲಿ, ಗರಸು, ಮರಳು, ಜೇಡಿ, ಎರೆ, ಚೌಳು, ಮೆಕ್ಕಲು ಎಂದು ಗಾತ್ರ, ಗುಣಗಳಿಗೆ ತಕ್ಕಂತೆ ಪದಗಳು ಇಳಿಯುತ್ತ ಹೋಗುತ್ತವೆ. ಊರುಗಳ ಹೆಸರುಗಳಲ್ಲಿಯೂ ನೆಲದ ಗುಣ ಅಚ್ಚೊತ್ತಿದೆ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಅಂದರೆ ಕೆಂಪು ಪಟ್ಟಣ. ಅಲ್ಲಿನ ಮರಳುಗಲ್ಲಿನ ಗುಡ್ಡಗಳನ್ನು ಸಂಜೆಯ ಬಿಸಿಲಿನಲ್ಲಿ ಕಂಡವರಿಗೆ ಈ ಹೆಸರಿಗೆ ಟಿಪ್ಪಣಿ ಬೇಕಾಗದು. ತಿರುಳ್ಗನ್ನಡದ ನಾಡನ್ನು ಗುರುತಿಸಲು ‘ಕವಿರಾಜಮಾರ್ಗ’ ಹೆಸರಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. ಕನ್ನಡದ ತಿರುಳನ್ನು ಹೇಳುವ ಮೊದಲ ಮಾತಿನಲ್ಲಿಯೇ ಕಲ್ಲಿನ ಬಣ್ಣವೊಂದು ಸೇರಿಕೊಂಡಿದೆ. ಸಮೀಪದ ಐಹೊಳೆಯಲ್ಲಿ 634ರಲ್ಲಿ ಜಿನಾಲಯವನ್ನು ಕಟ್ಟಿಸಿದ ರವಿಕೀರ್ತಿಯು ತನ್ನ ಶಾಸನದಲ್ಲಿ ಅದು ಕಲ್ಲಿನ ಕಟ್ಟಡವೆಂಬುದನ್ನು ಬಿಡದೆ ಹೇಳಿಕೊಂಡಿದ್ದಾನೆ. ಮರ, ಇಟ್ಟಿಗೆಗಳ ಕಟ್ಟಡಗಳು ಬಳಕೆಯಲ್ಲಿದ್ದ ಕಾಲದಲ್ಲಿ ಅದು ಹೇಳಿಕೊಳ್ಳಬೇಕಾದ ಸಂಗತಿಯೇ ಆಗಿತ್ತು.

ಪ್ರಾಕೃತದಲ್ಲಿ ಇನ್ನೊಂದು ಪದಪರಂಪರೆ ಇದೆ. ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಪೃಥ್ವೀಕಾಯದ 36 ಭೇದಗಳನ್ನು ಎಣಿಸುತ್ತದೆ, ‘ಉತ್ತರಾಧ್ಯಯನ ಸೂತ್ರ’ದ 36ನೆಯ ಅಧ್ಯಯನದಲ್ಲಿಯೂ ಬಹುಮಟ್ಟಿಗೆ ಇದೇ ಪಟ್ಟಿ ಬರುತ್ತದೆ. ಮಣ್ಣು, ಮರಳು, ಹರಳುಗಲ್ಲು, ಉಪಲ, ಶಿಲೆ, ಲವಣ ಎಂದು ಆರಂಭವಾಗಿ ಕಬ್ಬಿಣ, ತಾಮ್ರ, ತವರ, ಸೀಸ, ಬೆಳ್ಳಿ, ಬಂಗಾರಗಳನ್ನು ದಾಟಿ ವಜ್ರ, ಹರಿದಳ, ಇಂಗಳೀಕ, ಅಭ್ರಕ, ಸ್ಫಟಿಕ, ಮರಕತಗಳವರೆಗೆ ಅದು ಸಾಗುತ್ತದೆ. ಇದನ್ನು ಪ್ರಾಚೀನ ಭೂವಿಜ್ಞಾನವೆಂದು ಕರೆದು ಬೀಗುವವರು ಇದ್ದಾರೆ. ಆ ಮಾತು ಸಲ್ಲದು. ಪಟ್ಟಿಯ ಉದ್ದೇಶ ಅಹಿಂಸೆ: ಯತಿಯಾದವನು ಯಾವುದನ್ನು ಅಗೆಯಬಾರದು, ಕೆದಕಬಾರದು ಎಂಬ ವಿವೇಕಕ್ಕಾಗಿ ಅದು ಹುಟ್ಟಿತು. ಹೀಗಿದ್ದರೂ ಉಪಲವೇ ಬೇರೆ, ಶಿಲೆಯೇ ಬೇರೆ, ಮರಳೇ ಬೇರೆ ಎಂದು ಬಿಡಿಸಿ ಹೆಸರಿಟ್ಟ ಕಣ್ಣು ನೆಲವನ್ನು ಎಚ್ಚರದಿಂದ ನೋಡಿದ ಕಣ್ಣೆಂಬುದನ್ನು ಒಪ್ಪಲೇಬೇಕು.

ಶಾಸ್ತ್ರಗ್ರಂಥಗಳಿಗಿಂತ ಹೆಚ್ಚಿನ ತಿಳಿವು ಕಲ್ಲುಕುಟಿಗರ ಪದಗಳಲ್ಲಿದೆ. ಶಾಸನಗಳ ‘ಕಲ್ಕುಟಿಗ’ ಕಲ್ಲನ್ನು ಕಡಿಯುವವನು. ‘ರೂವಾರಿ’ ಅದಕ್ಕೆ ರೂಪ ಕೊಡುವವನು. (ಇಂದು ಸೇತುವೆಯ ರೂವಾರಿ, ಒಪ್ಪಂದದ ರೂವಾರಿ ಎಂದೆಲ್ಲ ಪತ್ರಿಕೆಗಳು ಬರೆಯುತ್ತವೆ, ಉಳಿ ಹಿಡಿದ ಕೈ ಆ ಪದದಿಂದ ಮರೆಯಾಗಿದೆ.) ಇವರು ಕಲ್ಲಿಗೆ ಹೆಸರಿಟ್ಟದ್ದು ಅದು ಹುಟ್ಟಿದ ಬಗೆಯನ್ನು ಊಹಿಸಿ ಅಲ್ಲ, ಅದು ಕೈಗೆ ಹೇಗೆ ಬಗ್ಗುತ್ತದೆ ಎಂಬುದನ್ನು ಕಂಡು. ‘ಬಳಪದ ಕಲ್ಲು’ ಇದಕ್ಕೆ ಉತ್ತಮ ನಿದರ್ಶನ. ಬರೆಯುವ ಬಳಪವಾಗುವಷ್ಟು ಮೆತ್ತನೆಯ ಕಲ್ಲು ಎಂಬುದೇ ಅದರ ಲಕ್ಷಣ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಈ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್‌ನ ಸ್ಥಾನ 1. ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ. ಮಾಪಕ ಹೇಳುವುದನ್ನೇ ಹೆಸರೂ ಹೇಳುತ್ತದೆ.

ಕರ್ನಾಟಕದ ಶಿಲ್ಪಚರಿತ್ರೆಯ ದಿಕ್ಕು ತಿರುಗಿದ್ದು ಈ ಕಲ್ಲಿನಿಂದ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮರಳುಗಲ್ಲು ಪದರಪದರವಾಗಿ ದೊರೆಯುತ್ತದೆ. ದಪ್ಪ ತೊಲೆ, ದಪ್ಪ ಗೋಡೆಗಳಿಗೆ ಒಳ್ಳೆಯದು. ಆದರೆ ಅದು ಮರಳಿನ ಕಣಗಳು ಬೆಸೆದು ಆದ ಕಲ್ಲಾದ್ದರಿಂದ ಕೂದಲೆಳೆಯಷ್ಟು ಸಣ್ಣ ಕೆತ್ತನೆಗೆ ಹೋದರೆ ಅಂಚು ಉದುರುತ್ತದೆ. ಅತ್ತಿಮಬ್ಬೆಯು 1007ರಲ್ಲಿ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ನುಣುಪಾದ ಹಸುರುಗಪ್ಪು ಪದರಗಲ್ಲನ್ನು ಬಳಸಿದ ಮೊದಮೊದಲ ಕಟ್ಟಡಗಳಲ್ಲೊಂದು. ಗದಗದ ಸೀಮೆ ಇಂಥ ಕಲ್ಲು ಸಿಗುವ ಶಿಲಾಪಟ್ಟಿಯ ಮೇಲೆಯೇ ಇದೆ. ಅಲ್ಲಿಂದ ಮುಂದೆ ಉಳಿ ಸಣ್ಣದಾಯಿತು, ಕಂಬ ತಿರುಗಣೆಯ ನುಣುಪು ಪಡೆಯಿತು, ಭಿತ್ತಿಯ ಮೇಲೆ ಬಳ್ಳಿ ಹಬ್ಬಿತು. ಹೊಯ್ಸಳರ ಕಾಲದಲ್ಲಿ, ಬೇಲೂರು ಹಳೇಬೀಡುಗಳಲ್ಲಿಯೂ ಶ್ರವಣಬೆಳಗೊಳದ ಪಕ್ಕದ ಜಿನನಾಥಪುರದ ಶಾಂತಿನಾಥ ಬಸದಿಯಲ್ಲಿಯೂ, ಅದೇ ಜಾತಿಯ ಕಲ್ಲು ತನ್ನ ಪರಾಕಾಷ್ಠೆಯನ್ನು ಮುಟ್ಟಿತು. ಗಣಿಯಿಂದ ಹೊರಬಂದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಬಿರುಸಾಗುವ ಗುಣ ಶಿಲ್ಪಿಗೆ ಎರಡು ಬಗೆಯ ಅನುಕೂಲ ಒದಗಿಸಿತು.

ಜಿನನಾಥಪುರದಿಂದ ಕೂಗಳತೆಯಲ್ಲಿರುವ ದೊಡ್ಡಬೆಟ್ಟದ ಮೇಲೆ ಗೊಮ್ಮಟನ ಕಥೆ ಇದಕ್ಕೆ ತೀರ ವಿರುದ್ಧ. ಸುಮಾರು 58 ಅಡಿಯ ಆ ಮೂರ್ತಿ ಬೆಟ್ಟದ ಗ್ರಾನೈಟ್ ಬಂಡೆಯನ್ನೇ ಕಡಿದು ಮಾಡಿದ್ದು. ಮೋಸ್ ಮಾಪಕದಲ್ಲಿ 7ನೆಯ ಸ್ಥಾನದಲ್ಲಿರುವ ಕ್ವಾರ್ಟ್ಜ್ ಅದರ ಮೈತುಂಬ ಇದೆ. ಅಂಥ ಕಲ್ಲಿನಲ್ಲಿ ಒಡವೆಯ ಎಳೆ ಬಿಡಿಸುವುದು ದುಸ್ಸಾಧ್ಯ. ವಿಶಾಲವಾದ ನುಣ್ಪು ಮೈಯನ್ನು ತರುವುದು ಸಾಧ್ಯ. ದಿಗಂಬರ ಮೂರ್ತಿಗೆ ಒಡವೆ ಬೇಕಿಲ್ಲ. ಇಲ್ಲಿ ಧರ್ಮದ ಆದರ್ಶವೂ ಕಲ್ಲಿನ ಸ್ವಭಾವವೂ ಒಂದಕ್ಕೊಂದು ಅನುಕೂಲವಾದವು ಎಂದರೆ ಅರಿಷ್ಟನೇಮಿಯೋ ಇನ್ನಾರೋ ಆದ ಆ ಶಿಲ್ಪಿಯ ಹಿರಿಮೆಗೆ ಕುಂದೇನೂ ಇಲ್ಲ.

ಗೊಮ್ಮಟನ ಕಲ್ಲನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಇಲ್ಲಿಂದ ತೊಡಕು ಆರಂಭ. ಕೆಲವು ಪುಸ್ತಕಗಳು ಗ್ರಾನೈಟಿಗೆ ‘ಬೆಣಚುಕಲ್ಲು’ ಎನ್ನುತ್ತವೆ, ಕೆಲವು ‘ಕಣಶಿಲೆ’ ಎನ್ನುತ್ತವೆ. ಆದರೆ ಹಳ್ಳಿಗರ ಬಳಕೆಯಲ್ಲಿ ಬೆಣಚು ಎಂದರೆ ಹೊಲದಲ್ಲಿ ಬೆಳ್ಳಗೆ ಹೊಳೆಯುವ, ಒಂದಕ್ಕೊಂದು ಉಜ್ಜಿದರೆ ಕಿಡಿ ಹಾರುವ ಕಲ್ಲು, ಅಂದರೆ ಕ್ವಾರ್ಟ್ಜ್. ಗ್ರಾನೈಟ್ ಹಲವು ಖನಿಜಗಳ ಕೂಟ. ಬೆಣಚು ಆ ಕೂಟದ ಒಬ್ಬ ಸದಸ್ಯ ಮಾತ್ರ. ಕೋಲಾರ, ಹಟ್ಟಿಗಳಲ್ಲಿ ಬಂಗಾರ ಇರುವುದು ಬೆಣಚಿನ ಎಳೆಗಳಲ್ಲಿ ಎಂದು ಒಂದು ಪುಸ್ತಕದಲ್ಲಿ, ಗೊಮ್ಮಟ ಬೆಣಚುಕಲ್ಲಿನವನು ಎಂದು ಇನ್ನೊಂದರಲ್ಲಿ ಓದಿದ ವಿದ್ಯಾರ್ಥಿ ದೊಡ್ಡಬೆಟ್ಟದಲ್ಲಿ ಬಂಗಾರ ಹುಡುಕಿದರೆ ತಪ್ಪು ಅವನದಲ್ಲ. ‘ಕಣಶಿಲೆ’ ಕೃತಕವಾಗಿ ಕಂಡರೂ, ಗ್ರಾನೈಟ್ ಎಂಬ ಪದದ ಮೂಲದಲ್ಲಿಯೂ ಕಾಳು, ಕಣ ಎಂಬರ್ಥವೇ ಇರುವುದರಿಂದ, ಗೊಂದಲವಿಲ್ಲದ ಪದ. ಬೆಣಚನ್ನು ಕ್ವಾರ್ಟ್ಜ್‌ಗೇ ಬಿಟ್ಟುಕೊಡುವುದು ಲೇಸು.

1894ನೆಯ ಇಸವಿ ಈ ಚರಿತ್ರೆಯಲ್ಲಿ ಕುತೂಹಲಕರವಾದುದು. ಆ ವರ್ಷ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಫರ್ಡಿನೆಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಅದೇ ವರ್ಷ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾಗಿ, ರಾಬರ್ಟ್ ಬ್ರೂಸ್ ಫೂಟ್ ಅದರ ಮುಖ್ಯಸ್ಥರಾದರು. 1863ರಲ್ಲಿ ಮದರಾಸಿನ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ ಭಾರತದ ಪ್ರಾಗಿತಿಹಾಸಕ್ಕೆ ಅಡಿಪಾಯ ಹಾಕಿದವರು ಇವರೇ. ಒಬ್ಬರು ಪದಗಳನ್ನು ಹೆಕ್ಕಿದರು, ಇನ್ನೊಬ್ಬರು ಕಲ್ಲುಗಳನ್ನು. ಈ ಎರಡು ರಾಶಿಗಳು ಒಂದೆಡೆ ಸೇರಲಿಲ್ಲ. ಇಲಾಖೆಯ ವರದಿಗಳು ಇಂಗ್ಲಿಷಿನಲ್ಲಿ ಬಂದವು. ನಿಘಂಟನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದಿದರು.

ಸರ್ವೇಕ್ಷಕರು ಶಿಲೆಗಳಿಗೆ ಹೆಸರಿಟ್ಟದ್ದು ಊರುಗಳ ಮೂಲಕ. ಫೂಟ್ ಅವರು 1880ರ ದಶಕದಲ್ಲಿ ಗುರುತಿಸಿದ ‘ಧಾರವಾಡ’ ಶಿಲಾವರ್ಗ ಇಂದು ಜಾಗತಿಕ ಪದ. ಬಂಗಾರ, ಕಬ್ಬಿಣ, ಮ್ಯಾಂಗನೀಸ್ ಎಲ್ಲವೂ ಅದರಲ್ಲಿವೆ, ಮೇಲೆ ಹೇಳಿದ ಬಳಪದ ಕಲ್ಲೂ ಅದರದೇ ಸಂತಾನ. ಬಾದಾಮಿಯ ಮರಳುಗಲ್ಲು ‘ಕಲಾದಗಿ’ ವರ್ಗಕ್ಕೆ ಸೇರಿತು. ರಾಮನಗರದ ಬಂಡೆಬೆಟ್ಟಗಳ ಸುಮಾರು 250 ಕೋಟಿ ವರ್ಷ ಹಳೆಯ ಶಿಲೆ ‘ಕ್ಲೋಸ್‌ಪೇಟೆ ಗ್ರಾನೈಟ್’. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರನ್ನು ಆ ಪಟ್ಟಣ ಎಂದೋ ಕಳಚಿಹಾಕಿತು, ಕಲ್ಲು ಇನ್ನೂ ಹೊತ್ತುಕೊಂಡಿದೆ. ಇದಕ್ಕಿಂತ ಸ್ವಾರಸ್ಯದ ಸಂಗತಿ ಚಾರ್ನೊಕೈಟಿನದು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಈ ಗಾಢವರ್ಣದ ಶಿಲೆಗೆ ಥಾಮಸ್ ಹಾಲೆಂಡ್ 1893ರಲ್ಲಿ ಆ ಹೆಸರಿಟ್ಟರು. ಕಾರಣ, ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕ್‌ನ ಸಮಾಧಿಗೆ ಅದೇ ಕಲ್ಲಿನ ಫಲಕ ಹಾಕಲಾಗಿತ್ತು. ಒಂದು ಗೋರಿಗಲ್ಲಿನಿಂದ ಬೆಟ್ಟಸಾಲುಗಳಿಗೆ ಹೆಸರು ಬಂದಿತು.

ಕಲ್ಲಿನ ವ್ಯಾಪಾರಿಗಳೂ ಈ ಪದ್ಧತಿಯನ್ನೇ ಅನುಸರಿಸುತ್ತಾರೆ. ಶಹಾಬಾದ್ ಕಲ್ಲು, ಕಡಪ ಕಲ್ಲು, ಸಾದರಹಳ್ಳಿ ಕಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್ ಇವೆಲ್ಲ ಊರಿನಿಂದ ಬಂದ ಹೆಸರುಗಳು. ಮನೆ ಕಟ್ಟುವವನಿಗೆ ಶಹಾಬಾದ್ ಎಂದರೆ ಸಾಕು, ಅದು ನೆಲಕ್ಕೆ ಹಾಸುವ ಸುಣ್ಣಶಿಲೆಯೆಂದು ಯಾರೂ ವಿವರಿಸಬೇಕಿಲ್ಲ.

ಪಠ್ಯಪುಸ್ತಕಗಳ ಪದಗಳು ಮೂರನೆಯ ಮೂಲದಿಂದ, ಸಂಸ್ಕೃತದಿಂದ, ಬಂದವು. ಎಲ್ಲವನ್ನೂ ತೆಗಳಬೇಕಾಗಿಲ್ಲ. ‘ಅಗ್ನಿಶಿಲೆ’ ಸೊಗಸಾದ ಪದ. ಇಂಗ್ಲಿಷ್ ಪದದ ಮೂಲವಾದ ಲ್ಯಾಟಿನ್ ‘ಇಗ್ನಿಸ್’ ಮತ್ತು ನಮ್ಮ ‘ಅಗ್ನಿ’ ಜ್ಞಾತಿಪದಗಳಾದ್ದರಿಂದ ಅನುವಾದವೇ ಆಗಿಲ್ಲವೆನ್ನಬಹುದು. ‘ರೂಪಾಂತರ ಶಿಲೆ’ ತಾನೇ ಅರ್ಥ ಹೇಳುತ್ತದೆ. ‘ಖನಿಜ’ ಅಗೆತದಿಂದ ಹುಟ್ಟಿದ್ದು. ಅದರ ಬಂಧುವೇ ‘ಗಣಿ’. ಆದರೆ ‘ಜಲಜಶಿಲೆ’ ಅರೆಸತ್ಯ, ಏಕೆಂದರೆ ಗಾಳಿ ತಂದು ಒಟ್ಟಿದ ಮರಳೂ ಅಂಥ ಶಿಲೆಯಾಗುತ್ತದೆ; ‘ಪದರಶಿಲೆ’ ಮೇಲು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯನ್ನು ‘ನೈಸ್ ಶಿಲೆ’ ಎಂದು ಬರೆಯುವುದಂತೂ ನಗೆಗೀಡು. ಆಡುಗನ್ನಡದಲ್ಲಿ ‘ನೈಸು’ ಎಂದರೆ ನುಣುಪು. ಈ ಬಂಡೆಯ ಲಕ್ಷಣ ಒರಟು ಕಣಗಳು ಮತ್ತು ಬಿಳಿ, ಕಪ್ಪು ಪಟ್ಟೆಗಳು. ಪಟ್ಟೆಗಲ್ಲು ಎಂದಿದ್ದರೆ ಮಕ್ಕಳು ಕಣ್ಣಾರೆ ಕಂಡು ತಿಳಿಯುತ್ತಿದ್ದರು.

ಪದಗಳ ಈ ಅಸ್ತವ್ಯಸ್ತತೆಯಿಂದ ನಷ್ಟವಾಗಿರುವುದು ವಿಜ್ಞಾನಕ್ಕಿಂತ ಚರಿತ್ರೆಗೆ. ಬಸದಿ, ದೇವಾಲಯಗಳ ವಿವರಣೆಗಳಲ್ಲಿ ‘ಕಪ್ಪುಶಿಲೆಯ ಮೂರ್ತಿ’, ‘ಕರಿಕಲ್ಲಿನ ವಿಗ್ರಹ’ ಎಂಬ ಒಕ್ಕಣೆ ಎಷ್ಟು ಸಲ ಬರುತ್ತದೆ! ಬಳಪದ ಕಲ್ಲೂ ಕಪ್ಪಾಗುತ್ತದೆ, ಬಿಜಾಪುರ, ಕಲಬುರ್ಗಿಗಳ ಬಸಾಲ್ಟೂ ಕಪ್ಪು, ಹಳೆಯ ಮೈಸೂರಿನ ಬಂಡೆಗಳನ್ನು ಸೀಳಿಕೊಂಡು ಬಂದಿರುವ ಡಾಲರೈಟೂ ಕಪ್ಪು. ಈ ಮೂರು ಸಿಗುವ ತಾಣಗಳು ಬೇರೆ, ಕೆತ್ತುವ ಬಗೆ ಬೇರೆ, ಸವೆಯುವ ಬಗೆಯೂ ಬೇರೆ. ಮರಳುಗಲ್ಲಿನ ಊರಿನಲ್ಲಿ ಬಳಪದ ಕಲ್ಲಿನ ಜಿನಬಿಂಬವಿದ್ದರೆ ಕಲ್ಲು ದೂರದಿಂದ ಬಂತೇ, ಕೆತ್ತಿದ ಮೂರ್ತಿಯೇ ಬಂತೇ, ಯಾವ ವರ್ತಕರು, ಯಾವ ರೂವಾರಿಗಳು ಎಂದು ಸಂಶೋಧಕ ಕೇಳಬಹುದು. ‘ಕಪ್ಪುಶಿಲೆ’ ಎಂದು ಬರೆದ ಕೂಡಲೇ ಆ ಪ್ರಶ್ನೆಗಳೆಲ್ಲ ಮುಚ್ಚಿಹೋಗುತ್ತವೆ. ಜೀರ್ಣೋದ್ಧಾರದ ಹೆಸರಿನಲ್ಲಿ ಮೆತ್ತನೆಯ ಕಲ್ಲಿಗೆ ಗ್ರಾನೈಟಿಗೆ ಮಾಡುವಂತೆ ಉಜ್ಜಿ ತೊಳೆದರೆ ಕೆತ್ತನೆಯೇ ಅಳಿಯುತ್ತದೆ. ಶಾಸನದ ಅಕ್ಷರಗಳ ಗತಿಯೂ ಅದೇ.

ಜನರಿಟ್ಟ ಹೆಸರೊಂದು ಭೂಪಟಕ್ಕಿಂತ ಮೊದಲೇ ಅದಿರನ್ನು ತೋರಿಸಿಕೊಟ್ಟ ಊರು ಬಾಬಾಬುಡನ್ ಗಿರಿಸಾಲಿನಲ್ಲಿದೆ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಕೆಮ್ಮಣ್ಣುಗುಂಡಿಯಿಂದ. ಆ ಕೆಂಪು ಕಬ್ಬಿಣದ ಆಕ್ಸೈಡಿನದು. ‘ಗುಂಡಿ’ ಎಂಬುದಕ್ಕೆ ತಗ್ಗು ಎಂಬ ಅರ್ಥವೂ ಇದೆ, ಅಗೆದ ಕುಳಿ ಎಂಬ ಅರ್ಥವೂ ಇದೆ. ಎರಡನೆಯದನ್ನು ಹಿಡಿದರೆ, ಇಲಾಖೆಯ ಸುತ್ತಿಗೆ ಅಲ್ಲಿಗೆ ಹೋಗುವ ಮುನ್ನವೇ ಯಾರೋ ಅಲ್ಲಿ ಗುದ್ದಲಿ ಹಾಕಿದ್ದರು.